ಸಿಂದಗಿಯ ಮೂಕ ನಾಯಕಿ

ಇಂಡಿ ಊರಿನ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುವಾಗ ಯಜಮಾನರು ಪಕ್ಕದಲ್ಲಿ ಕುಳಿತು ಪೇಪರು ಓದಿ ಹೇಳುವುದು ರೂಢಿ. ಎಪ್ಪತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ ಅವರು ಓದಿದ್ದು ಒಂದು ಸಿನಿಮಾದ ವಿಮರ್ಶೆ. ನಿರ್ದೇಶಕ ನನ್ನ ತವರು ಸಿಂದಗಿಯವನು, ನಮ್ಮ ಓಣಿಯವನೇ. ಮುರಿದುಬಿದ್ದ ತನ್ನ ಮೊದಲ ಪ್ರೀತಿಯನ್ನು ಏನೂ ಮುಚ್ಚಿಡದೆ ತೋರಿಸಿದ್ದಾನಂತೆ. ಹುಡುಗಿ ತುಟಿ ಬಿಚ್ಚದೆ, ತಲೆ ತಗ್ಗಿಸಿ ಸೋದರಮಾವನನ್ನು ಮದುವೆಯಾಗುತ್ತಾಳೆ. ಆ ಮೌನವೇ ಚಿತ್ರದ ಜೀವಾಳವಂತೆ.

ಆ ಹುಡುಗಿ ನಾನು. ಓದುತ್ತಿದ್ದವರು ಆ ಸೋದರಮಾವ.

ಮೌನವಂತೆ! "ನಾಳೆ ಬಂದು ಅಪ್ಪನ್ನ ಕೇಳು" ಎಂದು ನಾನೇ ಅವನಿಗೆ ಹೇಳಿದ್ದೆ. "ಬರ್ತೇನಿ" ಎಂದಿದ್ದ. ಮರುದಿನ ಅವನು ಗುಲಬರ್ಗಾ ಬಸ್ಸಿನಲ್ಲಿ ಕುಳಿತದ್ದು ಕಂಡು ನಾನು ಕೂಗಾಡಿದ್ದನ್ನು ಇಡೀ ಬಸ್‌ಸ್ಟ್ಯಾಂಡು ಕೇಳಿತ್ತು. ಅವನು ಮಾತ್ರ ಆ ಕಡೆ ಮುಖ ತಿರುಗಿಸಿದ. ನನ್ನ ಮದುವೆ ಅಷ್ಟು ಅವಸರದಲ್ಲಿ ನಡೆದದ್ದೂ ಅದಕ್ಕೇ.

ಯಜಮಾನರು ಪೇಪರಿನಿಂದ ತಲೆ ಎತ್ತದೆ ಕೇಳಿದರು, "ನೀ ಸಣ್ಣಾಕಿದ್ದಾಗಿಂದ ಸುಮ್ಮನಿರಾಕಿ ಅಲ್ಲ. ಈಕಿ ಯಾಕ ಸುಮ್ಮನಿದ್ಲು?"

ಸಿಟ್ಟು ಮಾಡುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

"ಸುಮ್ಮನಿರಲಿಲ್ರಿ. ಅಂವ ಬಸ್ಸಿನಾಗ ಕುಂತಿದ್ದ," ಎಂದೆ. "ಪೇಪರ್ ಮಡಚ್ರಿ, ರೊಟ್ಟಿ ಆರಾಕತ್ತಾವ."