ಸೋಮವಾರವೇ ಹೊರಟ ಚೀಲ

ಹುಬ್ಬಳ್ಳಿಯಿಂದ ದಿಲ್ಲಿಗೆ ಹತ್ತಿರ ಹತ್ತಿರ ಸಾವಿರದ ಐನೂರು ಕಿಲೋಮೀಟರ್, ವಿಮಾನದಲ್ಲಿ ಎರಡೂವರೆ ತಾಸು. ವಿಮಾನ ಕಂಡುಹಿಡಿದವಳೇ ನಾನು ಅನ್ನೋ ಗತ್ತಿನಲ್ಲಿ ಅವ್ವನಿಗೆ ಹೇಳಿದೆ.

"ದಾವಣಗೆರೆಯಿಂದ ಹುಬ್ಬಳ್ಳಿಗೆ?"

"ಕಾರಲ್ಲಿ ಎರಡೂವರೆ ತಾಸು."

"ಹಂಗಾದ್ರೆ ಹುಬ್ಬಳ್ಳಿ ಎಷ್ಟು ದೂರನೋ ದಿಲ್ಲಿನೂ ಅಷ್ಟೇ ದೂರ. ಸುಮ್ನೆ ಹೆದರಿಸಿಬಿಟ್ಟಿದ್ರಿ ನನ್ನ."

ಅಕ್ಕ ದಿಲ್ಲಿಯಲ್ಲಿ ತುಂಬು ಬಸುರಿ. ಬುಧವಾರ ಬೆಳಗ್ಗೆ ಸಿಸೇರಿಯನ್ ಅಂತ ಡಾಕ್ಟರು ದಿಢೀರನೆ ಹೇಳಿದ್ದರು. ಅಷ್ಟರೊಳಗೆ ಅವ್ವ ಬಂದು ಪಕ್ಕದಲ್ಲಿರಬೇಕು ಅಂತ ಅಕ್ಕ ಫೋನಿನಲ್ಲಿ ಅತ್ತಳು. ಅವ್ವನಿಗೆ ಸೀಟು ಸಿಕ್ಕಿದ್ದು ಮಂಗಳವಾರಕ್ಕೆ. ನಮ್ಮವ್ವನೋ, ಮಂಗಳವಾರ ದಾವಣಗೆರೆಯ ನಮ್ಮ ಸರಸ್ವತಿ ನಗರ ಬಿಟ್ಟು ಪಕ್ಕದ ಹರಿಹರಕ್ಕೂ ಹೋದವಳಲ್ಲ.

ಅದಕ್ಕೂ ಒಂದು ದಾರಿಯಿತ್ತು. ಒಳ್ಳೆಯ ದಿನ ನೋಡಿ ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಆವತ್ತೇ ಹೊರಟ ಹಾಗೆ. ಸೋಮವಾರ ಸಂಜೆ ಅವ್ವ ಕೈಚೀಲಕ್ಕೆ ಕುಂಕುಮ ಹಚ್ಚಿ, ಪಕ್ಕದ ಮನೆ ಆಂಟಿಯ ಹತ್ತಿರ ಇಟ್ಟು ಬಂದು ನಿರಾಳವಾಗಿ ಮಲಗಿದಳು.

ಮಂಗಳವಾರ ಹೊರಡೋ ಹೊತ್ತಿಗೆ ನೋಡಿದರೆ ಆಂಟಿಯ ಮನೆಗೆ ಬೀಗ! ಅವ್ವನ ಆಧಾರ್ ಕಾರ್ಡು ಆ ಚೀಲದಲ್ಲೇ ಇತ್ತು, ಅದಿಲ್ಲದೆ ವಿಮಾನ ನಿಲ್ದಾಣದ ಬಾಗಿಲನ್ನೂ ದಾಟಿಸುವುದಿಲ್ಲ. ಫೋನ್ ಮಾಡಿದರೆ ಆಂಟಿಯ ಫೋನು ಬೀಗದ ಆ ಕಡೆ ಕೂಗುತ್ತಿತ್ತು.

ಎದುರು ಮನೆಯವರು ಹೊರಗೆ ಬಂದರು. "ಹರಿಹರದ ಬಸ್ಸಿಗೆ ಹೋದ್ರಲ್ರಿ. ಕೈಯಾಗ ಚೀಲ ಇತ್ತು."

ನನಗೆ ಪಿತ್ತ ನೆತ್ತಿಗೇರಿತು. ಮಂಗಳವಾರವನ್ನೂ ಆಂಟಿಯನ್ನೂ ಒಟ್ಟಿಗೆ ಬೈದೆ. ಅವ್ವ ಮಾತ್ರ ಕಾರು ಹತ್ತಿ ಕೂತಳು. "ಚೀಲ ಮುಂದಕ್ಕೆ ಹೋಗೈತೆ, ನಡಿ, ಹರಿಹರ ನಮ್ಮ ದಾರಿನೇ."

ಹರಿಹರದ ಬಸ್ ಸ್ಟ್ಯಾಂಡಿನ ಮುಂದೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಆಂಟಿ ಕೂತಿದ್ದರು.

"ಯಾಕ ಇಷ್ಟು ಲೇಟು? ಒಂದು ತಾಸಾತು ಕುಂತು. ದಿಲ್ಲಿ ಅಂದ್ರೆ ದೂರ, ಪಕ್ಕದ ಮನಿಗೆ ಇಟ್ರೆ ಸಾಕಾಗಲ್ಲ ಅನ್ನಿಸ್ತು. ಊರು ದಾಟಿಸಿಬಿಡಣ ಅಂತ ತಂದೆ. ಫೋನ್ ಮಾಡಿ ಹೇಳಣ ಅಂದ್ರೆ ಅದು ಮನ್ಯಾಗೇ ಉಳೀತು."

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ಅವ್ವನೂ ನಕ್ಕಳು, ಯಾಕೆಂದು ತಿಳಿಯದೆ ಆಂಟಿಯೂ ನಕ್ಕರು. ರಾಣೆಬೆನ್ನೂರು ದಾಟಿದರೂ ನಮ್ಮಿಬ್ಬರಿಗೆ ನಗು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡೇ ಹುಬ್ಬಳ್ಳಿ ಮುಟ್ಟಿದೆವು. ಚೀಲವನ್ನು ಎದೆಗವಚಿಕೊಂಡು ಅವ್ವ ವಿಮಾನ ನಿಲ್ದಾಣದೊಳಗೆ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಸಂಜೆ ಆಸ್ಪತ್ರೆಯಿಂದ ಅಕ್ಕನ ವಿಡಿಯೋ ಕಾಲ್ ಬಂತು. ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಅವ್ವ ಕಾಣಿಸಿಕೊಂಡಳು. ಅಕ್ಕನ ಫೋನು ಹಾಸಿಗೆ ಮೇಲೆ ಬಿತ್ತು, ನನಗೆ ಬರೀ ಫ್ಯಾನು ಕಾಣುತ್ತಿತ್ತು.

"ಮಂಗಳವಾರ ಅಲ್ವಾ, ನೀ ಬರಲ್ಲ ಅಂದ್ಕೊಂಡಿದ್ದೆ ಅವ್ವಾ," ಅಂತ ಅಕ್ಕ ಬಿಕ್ಕಿದಳು.

"ಇವತ್ತು ಯಾರು ಹೊಂಟ್ರು? ನಿನ್ನ ಹತ್ರ ಬರಾಕ ನಿನ್ನೆನೇ ಹೊಂಟೀನಿ."