ಬಿಳಿಚೋಡಿನ ಪ್ರಾರ್ಥನಾ ಮನೆಗೆ ಬಂದ ಮಾಟಗಾತಿ

ಮಂತ್ರ ಹಾಕಿದರೆ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕೂಸು ನೆಟ್ಟಗಾಗುವುದಿಲ್ಲ. ಇದನ್ನು ಅಚ್ಚು ಹಾಕಿ ಹೇಳಬೇಕಾಗಿರುವುದೇ ನಾಚಿಕೆಗೇಡು. ಬಿಳಿಚೋಡಿನ ಸರ್ಕಾರಿ ನರ್ಸು ಮಾರ್ತಮ್ಮ ಇದನ್ನು ಮನೆಮನೆ ಬಾಗಿಲಲ್ಲಿ ನಿಂತು ಹೇಳಿದವಳು, ಹೇಳಿ ಬೈಸಿಕೊಂಡವಳು. ತುರ್ತುಪರಿಸ್ಥಿತಿ ಮುಗಿದ ವರ್ಷ ಅದೇ ಊರಿನ ದುರುಗಮ್ಮನ ಸೊಸೆಗೆ ಹೆರಿಗೆ ನೋವು ಬಂದಾಗ, ಜಗಳೂರಿನ ಆಸ್ಪತ್ರೆಗೆ ಗಾಡಿ ಕಟ್ಟಿ ಎಂದು ಗೋಗರೆದಳು. ಮನೆಯವರು ಮಂತ್ರವಾದಿ ನಿಂಬೆಹಣ್ಣು ಕೊಯ್ದು ಮುಗಿಸಲಿ ಎಂದು ಕಾದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅಂದಿನಿಂದ ಮಂತ್ರ ಎನ್ನುವ ಮಾತು ಕಿವಿಗೆ ಬಿದ್ದರೂ ಮಾರ್ತಮ್ಮ ಉರಿದುಬೀಳುತ್ತಿದ್ದಳು.

ಇಂಥವಳ ಮನೆಗೇ ಮಾಟಗಾತಿ ಬಂದಳು, ಪುಸ್ತಕದೊಳಗೆ ಕೂತು.

ಮಾರ್ತಮ್ಮನ ಗಂಡ ಪಾಲಣ್ಣನದು ಸೈಕಲ್ ಶಾಪು. ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು, ಚರ್ಚು ಇಲ್ಲ. ಪಾಲಣ್ಣನ ಪಡಸಾಲೆಯೇ ಚರ್ಚು. ತಿಂಗಳಿಗೊಮ್ಮೆ ದಾವಣಗೆರೆಯಿಂದ ಪಾದ್ರಿ ಬರುತ್ತಿದ್ದರು. ಉಳಿದ ಭಾನುವಾರ ಪಾಲಣ್ಣನೇ ಪ್ರಾರ್ಥನೆ ನಡೆಸುತ್ತಿದ್ದ. ಅಂಗೈಯ ಗ್ರೀಸು ಉಜ್ಜಿ ಉಜ್ಜಿ ತೊಳೆದು, ಬಿಳಿ ಅಂಗಿ ತೊಟ್ಟು ನಿಂತರೆ ಬೇರೆಯೇ ಮನುಷ್ಯ. ಅವನ ಬದುಕಿನ ಮರ್ಯಾದೆಯೆಲ್ಲ ಆ ಒಂದು ಗಂಟೆಯಲ್ಲಿತ್ತು.

ಮಗಳು ರೂತ್ ಆರನೇ ಕ್ಲಾಸು. ೧೯೮೧ರಲ್ಲಿ ಓದುವ ಸ್ಪರ್ಧೆಯಲ್ಲಿ ಗೆದ್ದಳೆಂದು ಹೆಡ್‌ಮಾಸ್ತರ ಮಹೇಶ್ವರಪ್ಪ ಒಂದು ದಪ್ಪ ಕಾದಂಬರಿ ಕೊಟ್ಟರು. ಹಾರುವ ಕಲ್ಲುಹುಲಿ, ಏಳು ಬಾಗಿಲಿನ ಬೆಟ್ಟ, ಒಬ್ಬ ಮಾಟಗಾತಿ. ಹುಡುಗಿ ಅದನ್ನು ಓದಲಿಲ್ಲ, ನುಂಗಿದಳು. ಭಾನುವಾರ ದೊಡ್ಡವರ ಪ್ರಾರ್ಥನೆ ನಡೆಯುವಾಗ ಹಿತ್ತಿಲಲ್ಲಿ ಚಿಕ್ಕ ಮಕ್ಕಳಿಗೆ ಸತ್ಯವೇದದ ಕಥೆ ಹೇಳುವುದು ಅವಳ ಕೆಲಸ. ಆ ವಾರ ಸಿಂಹದ ಗವಿಗೆ ಬಿದ್ದ ಭಕ್ತನ ಕಥೆಯ ಬದಲು ಕಲ್ಲುಹುಲಿಯ ಕಥೆ ಹೇಳಿಬಿಟ್ಟಳು.

ಮರುದಿನ ಅಜ್ಜಮ್ಮ ಸೈಕಲ್ ಶಾಪಿಗೇ ಬಂದಳು. ಪ್ರಾರ್ಥನೆಗೆ ಸೇರುವ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು, ಅವಳ ಮಾತೆಂದರೆ ಮುಗಿಯಿತು.

"ಏನ್ ಪಾಲಣ್ಣ, ನಿಮ್ ಮನೇಲಿ ಪ್ರಾರ್ಥನೆ ಕಲಿಸ್ತೀರೋ, ಮಾಟ ಕಲಿಸ್ತೀರೋ? ನನ್ ಮೊಮ್ಮಗ ಸೌಟು ತಗಂಡು ನನ್ ಮುಂದೆ ನಿಂತು, 'ಮುದುಕಿ, ಮೇಕೆ ಆಗು' ಅಂತಾನೆ!"

ಪಂಕ್ಚರ್ ಹಾಕಿಸಲು ಬಂದವನೊಬ್ಬ ನಕ್ಕ. "ಮತ್ತೆ, ಮೇಕೆ ಆದ್ಯೇನಜ್ಜಿ?"

"ನೀನ್ ಬಾಯ್ ಮುಚ್ಚು. ಪಾಲಣ್ಣ, ಬರೋ ಭಾನುವಾರ ಪಾದ್ರಿ ಅಯ್ಯನೋರು ಬರ್ತಾರೆ. ಹೇಳೋದು ಹೇಳ್ತೀನಿ."

ಪಾಲಣ್ಣ ಅಂಗಡಿ ಮುಚ್ಚಿಕೊಂಡು ಮನೆಗೆ ಬಂದ. ಮಾರ್ತಮ್ಮ ಒಲೆಯ ಮುಂದೆ ಇದ್ದಳು. ಪುಸ್ತಕವನ್ನು ಮಗಳ ಕೈಯಿಂದ ಕಿತ್ತು ಒಲೆಯ ಪಕ್ಕ ಎಸೆದ.

"ಹಾಕು ಇದನ್ನ ಬೆಂಕಿಗೆ."

ಅವಳು ಬೇಡ ಎನ್ನಲಿಲ್ಲ. ಇದನ್ನು ಮರೆಮಾಚಿ ಅವಳನ್ನು ವೀರನಾರಿಯನ್ನಾಗಿ ಮಾಡುವ ಚಾಳಿ ನನಗಿಲ್ಲ. ದುರುಗಮ್ಮನ ಮನೆಯ ಕೂಸನ್ನು ಬಟ್ಟೆಯಲ್ಲಿ ಸುತ್ತಿದ ಕೈ ಅವಳದು. ಪುಸ್ತಕ ಎತ್ತಿಕೊಂಡಳು, ರಟ್ಟು ಬಗ್ಗಿಸಿದಳು.

ರೂತ್ ಅಳಲಿಲ್ಲ. "ಅವ್ವ, ಎರಡು ಅಧ್ಯಾಯ ಬಾಕಿ ಐತೆ. ಅದೊಂದು ಓದ್ತೀನಿ, ಆಮೇಲೆ ನಾನೇ ಹಾಕ್ತೀನಿ," ಎಂದಳು.

ಮಾರ್ತಮ್ಮನ ಕೈ ನಿಂತಿತು. "ಎರಡೇ ಅಧ್ಯಾಯ ಅಲ್ವಾ, ಓದ್ಲಿ ಬಿಡ್ರಿ," ಎಂದಳು.

"ನಾವಿಬ್ರೂ ಕಿತ್ತಾಡೋದು ಬ್ಯಾಡ, ದೇವ್ರೇ ಹೇಳ್ಲಿ," ಎಂದು ಪಾಲಣ್ಣ ಗೂಡಿನಿಂದ ವಾಗ್ದಾನದ ಡಬ್ಬಿ ತೆಗೆದ. ಹೊಸ ವರ್ಷದ ದಿನ ಮನೆಯ ಒಬ್ಬೊಬ್ಬರೂ ಅದರಿಂದ ಒಂದೊಂದು ಚೀಟಿ ಎತ್ತುತ್ತಾರೆ. ಅದರಲ್ಲಿರುವ ವಚನ ವರ್ಷವಿಡೀ ಅವರಿಗೆ ಆಸರೆ. ಅದನ್ನು ತೀರ್ಪು ಕೇಳಲು ಯಾರೂ ತೆಗೆದಿರಲಿಲ್ಲ. ಪಾಲಣ್ಣ ಕಣ್ಣು ಮುಚ್ಚಿ ಎತ್ತಿದ. ಮಳೆ, ಬೆಳೆಯ ವಚನ ಬಂತು. ಮಡಚಿ ಒಳಗೆ ಹಾಕಿದ.

"ಇದು ಲೆಕ್ಕಕ್ಕಿಲ್ಲ. ಇನ್ನೊಂದು ಎತ್ತತೀನಿ."

"ರೀ," ಎಂದಳು ಮಾರ್ತಮ್ಮ. "ಸಂತೇಲಿ ಗಿಳಿ ಇಟ್ಕಂಡು ಕೂತಿರೋನು ಮಾಡೋದೂ ಇದನ್ನೇ. ಅವನ ಗಿಳಿನಾದ್ರೂ ಒಂದೇ ಸಲ ಎತ್ತತೈತೆ."

"ದೇವರ ವಾಕ್ಯಾನ ಗಿಳಿಶಾಸ್ತ್ರ ಅಂತೀಯೇನೇ?"

"ವಾಕ್ಯಾನಲ್ಲ. ನೀವು ಈಗ ಮಾಡ್ತಿರೋದನ್ನ."

ಪಾಲಣ್ಣನ ಮುಖ ಕಪ್ಪಿಟ್ಟಿತು. ಹೊಡೆಯುತ್ತಾನೇನೋ ಎಂದು ರೂತ್ ಗೋಡೆಗೆ ಒತ್ತಿಕೊಂಡಳು. ಅವನು ಡಬ್ಬಿಯ ಮುಚ್ಚಳ ಹಾಕಿ ಗೂಡಿನಲ್ಲಿಟ್ಟ. ಆಮೇಲೆ ಕನ್ನಡಕ ಹಾಕಿಕೊಂಡ. "ಕೊಡು ಇಲ್ಲಿ. ಏನೈತೋ ನೋಡೇಬಿಡಾನ."

ಆ ವಾರ ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಪಾಲಣ್ಣ ಗಟ್ಟಿಯಾಗಿ ಓದಿದ, ತಾಯಿ ಮಗಳು ಕೇಳಿದರು. ಬೈಯಲೆಂದೇ ಓದತೊಡಗಿದ್ದವನು ಕಲ್ಲುಹುಲಿ ಹಾರುವಲ್ಲಿ ದನಿ ಏರಿಸಿದ್ದು ಅವನಿಗೇ ಗೊತ್ತಾಗಲಿಲ್ಲ. ಕುರಿಮರಿಯ ರಕ್ತದಲ್ಲಿ ಮಂಡಲ ಬರೆಯುವ ಪುಟ ಬಂದಾಗ ನಿಲ್ಲಿಸಿದ. "ಇದು ಸಣ್ಣ ಹುಡುಗ್ರಿಗೆ ಅಲ್ಲ." ಮಾರ್ತಮ್ಮನೂ ಅಲ್ಲ ಎಂದಳು. ಆದರೆ ಮುಂದೆ, ಕಾಯಿಲೆ ಬಿದ್ದ ಮಗುವಿನ ತಾಯಿ ವೈದ್ಯನನ್ನು ಬಾಗಿಲಲ್ಲೇ ನಿಲ್ಲಿಸಿ ಮಾಟಗಾತಿಯ ಮಾತು ನಂಬುತ್ತಾಳೆ. ಮಗುವಿನ ದನಿ ಹೋಗಿಬಿಡುತ್ತದೆ. ಆ ಪುಟ ಮುಗಿದಾಗ ಮಾರ್ತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಇದನ್ನ ಯಾರಾದ್ರೂ ದುರುಗಮ್ಮಂಗೆ ಓದಿ ಹೇಳ್ಬೇಕಿತ್ತು ಕಣ್ರೀ," ಎಂದಳು.

ತೀರ್ಮಾನ ಇಬ್ಬರದೂ ಒಂದೇ ಆಯಿತು. ಪುಸ್ತಕ ರೂತ್‌ಗೆ. ಭಾನುವಾರ ಚಿಕ್ಕವರಿಗೆ ಈ ಕಥೆ ಹೇಳಕೂಡದು.

ಭಾನುವಾರ ಪಾದ್ರಿಗಳು ಬಂದರು. ಅಜ್ಜಮ್ಮ ಎದ್ದು ನಿಂತು ಎಲ್ಲ ಹೇಳಿದಳು. ಪಾದ್ರಿಗಳು ಪುಸ್ತಕ ತರಿಸಿ, ರಟ್ಟಿನ ಮೇಲಿನ ಚಿತ್ರ ನೋಡಿ, ಚಾಪೆಯ ಮೇಲಿಟ್ಟರು. ತೆರೆಯಲಿಲ್ಲ.

"ಪಾಲಣ್ಣ, ಇದು ಮನೇಲಿ ಇರಬಾರದು."

"ಓದಿದೀನಿ ಅಯ್ಯನೋರೆ. ಪೂರ್ತಿ. ಚಿಕ್ಕವರಿಗೆ ಹೇಳಿದ್ದು ತಪ್ಪು, ಇನ್ನು ಹೇಳಲ್ಲ. ಪುಸ್ತಕದಾಗೆ ಮಾಟ ನಂಬಿದೋರೇ ಕೆಡ್ತಾರೆ. ನೀವೂ ಒಂದ್ಸಲ ಓದ್ರಿ."

"ಓದೋ ಅಗತ್ಯ ನನಗಿಲ್ಲ. ಸಭೆ ನಡೆಯೋ ಮನೇಲಿ ಇಂಥದ್ದು ಇರೋ ಹಾಗಿಲ್ಲ. ಇದು ಬೇಕೋ, ಸಭೆ ಬೇಕೋ?"

ರೂತ್ ಎದ್ದು, "ಅಪ್ಪಾ, ಬ್ಯಾಡ, ಸುಟ್ಟುಬಿಡು," ಎಂದಳು. ಅಪ್ಪನಿಗೆ ಆ ಒಂದು ಗಂಟೆ ಎಂದರೆ ಏನೆಂದು ಆ ಮಗುವಿಗೆ ಗೊತ್ತಿತ್ತು, ಪಾದ್ರಿಗೆ ಗೊತ್ತಿರಲಿಲ್ಲ.

ಪಾಲಣ್ಣ ಹೆಂಡತಿಯ ಕಡೆ ನೋಡಿದ. ಮಾರ್ತಮ್ಮ ತಲೆ ತಗ್ಗಿಸಲಿಲ್ಲ.

"ಹಂಗಾರೆ ಸಭೆ ಅಜ್ಜಮ್ಮನ ಮನೇಲಿ ನಡೀಲಿ, ಅಯ್ಯನೋರೆ. ನಾವು ಅಲ್ಲಿಗೇ ಬರ್ತೀವಿ."

ಹೋದರು ಕೂಡ. ಬಿಳಿ ಅಂಗಿ ತೊಟ್ಟು, ಹಿಂದಿನ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ ಕೂರುತ್ತಿದ್ದ ಪಾಲಣ್ಣನಿಗೆ ಅವನು ಸಾಯುವವರೆಗೆ ಯಾರೂ ಪ್ರಾರ್ಥನೆ ನಡೆಸು ಎನ್ನಲಿಲ್ಲ. ಮಾರ್ತಮ್ಮನಿಗೆ ಆ ಸಂಕಟ ಕೊನೆಯವರೆಗೂ ಹೋಗಲಿಲ್ಲ. "ನಮ್ಮನೆಯೋರ ಮರ್ಯಾದೆ ಹೋಯ್ತು," ಎನ್ನುತ್ತಿದ್ದಳು. ತಪ್ಪು ಮಾಡಿದೆವು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ನೀವು ಯಾವ ದೇವರಿಗಾದರೂ ಕೈ ಮುಗಿಯಿರಿ, ಅದು ನನ್ನ ತಕರಾರಲ್ಲ. ಮಕ್ಕಳಿಗೆ ಇಂಥದ್ದು ಬೇಡ ಎನ್ನುವ ಹಕ್ಕೂ ನಿಮಗುಂಟು. ಆದರೆ ರಟ್ಟು ನೋಡಿ ತೀರ್ಪು ಕೊಡುವ ಹಕ್ಕು ಯಾರಪ್ಪನದೂ ಅಲ್ಲ. ನಿಮ್ಮ ಮಗಳ ಕೈಯಲ್ಲಿ ಈಗ ಯಾವ ಪುಸ್ತಕವಿದೆ? ಎದ್ದು ಹೋಗಿ ಕೇಳಿ, ಅವಳ ಪಕ್ಕ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ.