ಸಾಬವ್ವ ಮತ್ತು ಆರುನೂರು ಇಟ್ಟಿಗೆಯ ಕೋಟೆ

೧೯೮೩ರ ದೀಪಾವಳಿಗೆ ಹತ್ತು ದಿನ ಇರುವಾಗ, ಮುಂಬಯಿ ಬಳಿಯ ತುರ್ಭೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಸಾಬವ್ವ ಎಂಬ ಹೆಂಗಸು ಎರಡು ಕಿಲೋ ತೂಗುವ ಆಟಿಕೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಸೂಪರ್‌ವೈಸರನ ಮುಖಕ್ಕೆ ಹೊಡೆದಳು. ಪೆಟ್ಟಿಗೆಯ ಮೂಲೆ ತಗುಲಿ ಅವನ ಮೂಗಿನ ಎಲುಬು ಮುರಿಯಿತು. ರಟ್ಟು ಹರಿದು ಕೆಂಪು, ಹಳದಿ, ನೀಲಿ ಪ್ಲಾಸ್ಟಿಕ್ ಇಟ್ಟಿಗೆಗಳು ನೆಲದ ತುಂಬ ಚೆಲ್ಲಿದವು. ಅವನು ಅವುಗಳ ಮೇಲೆಯೇ ಕುಸಿದು ಕೂತ. ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಠಾಣೆ ಪಟ್ಟಣದ ಕೋಪರಿಯಲ್ಲಿ ಅಂಗಡಿ ಇಟ್ಟಿದ್ದ ವಿರುಪಾಕ್ಷಪ್ಪನವರು. ಅವರು ಆವತ್ತು ಅಲ್ಲೇ ನಿಂತಿದ್ದರು. ಉಳಿದದ್ದನ್ನು ಸಾಬವ್ವನೇ ಆಗೊಮ್ಮೆ ಈಗೊಮ್ಮೆ ಹೇಳಿದಳು.

ಅವಳು ಅಫಜಲಪುರದ ಕಡೆಯವಳು. ಗಂಡ ಶಿವರಾಯನ ಜೊತೆ ತುರ್ಭೆಯ ಕಲ್ಲುಗಣಿಗೆ ಬಂದದ್ದು ಎಪ್ಪತ್ತೊಂದರಲ್ಲಿ. ಮೂರು ವರ್ಷಕ್ಕೆ, ಮದ್ದು ಸಿಡಿಸುವ ಮುಂಚೆ ಸೀಟಿ ಊದದೆ ಬತ್ತಿಗೆ ಬೆಂಕಿ ಕೊಟ್ಟರು. ಹಾರಿಬಂದ ಕಲ್ಲು ಶಿವರಾಯನ ಎದೆಗೆ ಬಡಿಯಿತು. ಹೆಣದ ಮುಂದೆ ನಿಂತು, ಆಳುಗಳ ಮೇಲ್ವಿಚಾರಕನಾದ ಮುಕಾದಮ "ಕುಡಿದು ಬಂದಿದ್ದ" ಎಂದಾಗ ಸಾಬವ್ವ ಅವನ ಕಾಲರ್ ಹಿಡಿದಳು. ಅವನು ಹೊಟ್ಟೆಗೆ ಒದ್ದ. ಬಿದ್ದವಳು ಎದ್ದು ಅವನ ಮುಂಗೈಯನ್ನು ಕಚ್ಚಿ ಹಿಡಿದಳು. ನಾಲ್ಕು ಜನ ಸೇರಿ ಅವಳ ದವಡೆ ಬಿಡಿಸಬೇಕಾಯಿತು. ಆಗ ಅವಳಿಗೆ ಇಪ್ಪತ್ತಾರು ವರ್ಷ, ಮಗಳು ನೀಲಗಂಗಾಗೆ ನಾಲ್ಕು. ಗಣಿಯಲ್ಲಿ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಹಾಗಾಗಿ ಪ್ಲಾಸ್ಟಿಕ್ ಕಾರ್ಖಾನೆಗೆ ಸೇರಿದಳು.

ಒಂದರ ಮೇಲೊಂದು ಕೂರಿಸಿ ಒತ್ತಿದರೆ ಅಂಟಿಕೊಳ್ಳುವ ಪುಟ್ಟ ಇಟ್ಟಿಗೆಗಳನ್ನು ಅಲ್ಲಿ ಮಾಡುತ್ತಿದ್ದರು. ಮಕ್ಕಳು ಅವುಗಳಿಂದ ಮನೆ, ಗೋಪುರ ಕಟ್ಟಿ ಆಡುತ್ತಾರೆ. ಸಾಬವ್ವನ ಕೆಲಸ ಎಣಿಸಿ ಪೆಟ್ಟಿಗೆ ತುಂಬುವುದು. ಓದು ಬರುತ್ತಿರಲಿಲ್ಲ, ಎಣಿಕೆ ತಪ್ಪುತ್ತಿರಲಿಲ್ಲ. ಒಂಬತ್ತು ವರ್ಷ ಸಣ್ಣ ಪೆಟ್ಟಿಗೆ ಮಾತ್ರ ಇತ್ತು: ನೂರು ಇಟ್ಟಿಗೆ, ಇಪ್ಪತ್ತೈದು ರೂಪಾಯಿ. ಎಂಬತ್ತಮೂರರಲ್ಲಿ ಕಾರ್ಖಾನೆಯ ಮಾಲೀಕ ಸೇಟ ದೊಡ್ಡ ಪೆಟ್ಟಿಗೆ ಹೊರಡಿಸಿದ. ಮೇಲೆ ಕೋಟೆಯ ಚಿತ್ರ, ಆರುನೂರು ಇಟ್ಟಿಗೆ, ಬೆಲೆ ಇನ್ನೂರ ನಲವತ್ತು. ಅದು ಸಾಬವ್ವನ ಇಪ್ಪತ್ತು ದಿನದ ಪಗಾರ. ಆರು ಸಣ್ಣ ಪೆಟ್ಟಿಗೆ ಕೊಂಡರೂ ಆರುನೂರು ಇಟ್ಟಿಗೆಯೇ ಆಗುತ್ತದೆ, ನೂರ ಐವತ್ತಕ್ಕೆ ಮುಗಿಯುತ್ತದೆ. ಮೇಲಿನ ತೊಂಬತ್ತು ರೂಪಾಯಿ ಯಾತಕ್ಕೆ ಎಂದು ಅವಳು ಮೊದಲ ದಿನವೇ ಕೇಳಿದ್ದಳು. "ಚಿತ್ರಕ್ಕೆ" ಎಂದು ಸೂಪರ್‌ವೈಸರ್ ಪುಂಡರೀಕಾಕ್ಷ ನಕ್ಕಿದ್ದ. ಅವನು ಉಡುಪಿಯ ಕಡೆಯವನು.

ದೀಪಾವಳಿ ಹತ್ತಿರವಾದಂತೆ ಪೆಟ್ಟಿಗೆಯ ತಳಕ್ಕೆ ಮಡಚಿದ ರಟ್ಟು ಬಂತು. ಅದರ ಮೇಲೆ ಐನೂರ ಇಪ್ಪತ್ತೇ ಇಟ್ಟಿಗೆ ತುಂಬಬೇಕೆಂದು ಅಪ್ಪಣೆಯಾಯಿತು. ಮುಚ್ಚಳ ತೆಗೆದರೆ ಪೆಟ್ಟಿಗೆ ಅಂಚಿನವರೆಗೆ ತುಂಬಿದಂತೆಯೇ ಕಾಣುತ್ತಿತ್ತು.

ಮಾಲು ಬೇಗ ಬೇಕಿತ್ತು. ಅಚ್ಚಿನ ಮಷೀನಿಗೆ ಒಂದು ಜಾಲರಿ ಬಾಗಿಲಿತ್ತು. ಅದು ಮುಚ್ಚಿದರೆ ಮಾತ್ರ ಅಚ್ಚು ಕೂಡಬೇಕು. ಪ್ರತಿ ಸಲ ಮುಚ್ಚಿ ತೆರೆಯಲು ಹೊತ್ತು ಹೋಗುತ್ತದೆಂದು ಪುಂಡರೀಕಾಕ್ಷ, ಬಾಗಿಲು ತೆರೆದಿದ್ದರೂ ಮಷೀನು ನಡೆಯುವಂತೆ, ಅದರ ಖಟಕಿಯ ಗುಂಡಿಯನ್ನು ತಂತಿಯಿಂದ ಒತ್ತಿ ಕಟ್ಟಿಸಿದ. ಮೂರನೆಯ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಅಚ್ಚಿನಲ್ಲಿ ಸಿಕ್ಕಿಕೊಂಡ ಹಳದಿ ಇಟ್ಟಿಗೆಯನ್ನು ಕೀಳಲು, ಆ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ ಚಂದ್ರಬಾಯಿ ಬಲಗೈ ಹಾಕಿದಳು. ಅಚ್ಚು ಕೂಡಿಬಿಟ್ಟಿತು.

ಆ ಕೂಗು ಗೇಟಿನವರೆಗೆ ಕೇಳಿಸಿತು. ಮಷೀನು ನಿಲ್ಲಿಸಿ ಅಚ್ಚು ಬಿಡಿಸುವಷ್ಟರಲ್ಲಿ ಅವಳ ಮೂರು ಬೆರಳು ಚಪ್ಪಟೆಯಾಗಿ ಬೆಂದುಹೋಗಿದ್ದವು. ಸಾಬವ್ವ ತನ್ನ ಸೆರಗು ಹರಿದು ಕೈ ಸುತ್ತಿದಳು. ಇಬ್ಬರು ಹಮಾಲರು ಚಂದ್ರಬಾಯಿಯನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ಟೆಂಪೋ ಇನ್ನೂ ಗೇಟು ದಾಟಿರಲಿಲ್ಲ, ಪುಂಡರೀಕಾಕ್ಷ ರಕ್ತ ಬಿದ್ದಿದ್ದ ಹಳದಿ ಇಟ್ಟಿಗೆಗಳ ಬುಟ್ಟಿಯನ್ನು ಕಾಲಿನಿಂದ ಸಾಬವ್ವನತ್ತ ನೂಕಿದ.

"ಇದನ್ನು ತೊಳೆದು ತುಂಬಿಸು ಮಾರಾಯ್ತಿ. ಠಾಣೆಯ ಪಾರ್ಟಿ ಬಂದು ನಿಂತಿದ್ದಾರೆ."

"ರಗತ ಅದ ಸಾಹೇಬ್ರ ಅದಕ್ಕ."

"ನೀರು ಉಂಟಲ್ಲ? ತೊಳಿ ಅಂತ ಹೇಳಿದ್ದು."

"ನಾ ತುಂಬಾಂಗಿಲ್ಲ. ಸಣ್ಣ ಕೂಸು ಬಾಯಾಗ ಇಟ್ಕೊಂತಾವ."

ಅವನು ಅವಳ ಕಪಾಳಕ್ಕೆ ಹೊಡೆದ. ಕಿವಿಯ ಬೆಂಡೋಲೆ ಕಿತ್ತು ಬಿತ್ತು. ಎರಡನೆಯ ಸಲ ಕೈ ಎತ್ತಿದಾಗ ಸಾಬವ್ವ ಮೇಜಿನ ಮೇಲಿದ್ದ ಕೋಟೆಯ ಪೆಟ್ಟಿಗೆಯನ್ನು ಎತ್ತಿದಳು.

ಠಾಣೆಯ ಪಾರ್ಟಿ ಎಂದರೆ ವಿರುಪಾಕ್ಷಪ್ಪನವರೇ. ಐವತ್ತು ಕೋಟೆ ಒಯ್ಯಲು ಬಂದಿದ್ದರು. ನೆಲಕ್ಕೆ ಬಿದ್ದ ಪೆಟ್ಟಿಗೆಯಿಂದ ಮಡಚಿದ ರಟ್ಟು ಹೊರಗೆ ಬಂದದ್ದನ್ನು ಅವರು ನೋಡಿದರು.

"ಏನವಾ ಇದು?"

"ಎಂಬತ್ತು ಇಟ್ಟಂಗಿ ಕಮ್ಮಿ ಅವ ರೀ. ಬೇಕಂದ್ರ ಯಾವ್ದರ ಪೆಟಗಿ ಒಡೀರಿ, ಎಣಸ್ರಿ."

ಅವರು ಬೇರೆ ಮೂರು ಪೆಟ್ಟಿಗೆ ಬಿಚ್ಚಿದರು. ಮೂರರಲ್ಲೂ ರಟ್ಟು. ಒಂದನ್ನೂ ಒಯ್ಯದೆ ಹೊರಟುಹೋದರು. ಸಂಜೆಯೊಳಗೆ ಸುದ್ದಿ ಕಲ್ಯಾಣದ ವ್ಯಾಪಾರಿಗಳಿಗೂ ಮುಟ್ಟಿತು.

ಮರುದಿನ ಬೆಳಿಗ್ಗೆ ಸಾಬವ್ವನ ಗುಡಿಸಲಿಗೆ ಕಾರ್ಖಾನೆಯ ಕಡೆಯ ಮೂವರು ಬಂದರು, ಕೈಯಲ್ಲಿ ಸೈಕಲ್ ಚೈನು, ಕಬ್ಬಿಣದ ಸಲಾಕೆ. ಹದಿಮೂರರ ನೀಲಗಂಗಾ ನೀರಿಗೆ ಹೋಗಿದ್ದಳು. ಮೊದಲ ಏಟಿಗೇ ಸಾಬವ್ವನ ಎಡಗೈ ಮುರಿಯಿತು. ಚೈನಿನ ಏಟು ಬೆನ್ನ ಮೇಲೆ ಬೀಳುತ್ತಿದ್ದಂತೆ ಅವಳು ಒಲೆಯ ಕಡೆ ತೆವಳಿದಳು. ಅಲ್ಲಿ ಅನ್ನದ ಗಂಜಿ ಕುದಿಯುತ್ತಿತ್ತು. ಒಂದೇ ಕೈಯಲ್ಲಿ ಪಾತ್ರೆಯ ಅಂಚು ಹಿಡಿದು ಅವರತ್ತ ಮಗುಚಿದಳು. ಚೈನು ಹಿಡಿದವನ ತೊಡೆಯಿಂದ ಪಾದದವರೆಗೆ ಚರ್ಮ ಸುಲಿಯಿತು. ಅವನು ಬೊಬ್ಬೆ ಹೊಡೆಯುತ್ತ ಹೊರಗೆ ಓಡಿದ. ಗುಡಿಸಲು ಸಾಲಿನ ಹೆಂಗಸರು ಅಷ್ಟರಲ್ಲಿ ಕಲ್ಲು ಹಿಡಿದು ನಿಂತಿದ್ದರು. ಉಳಿದಿಬ್ಬರು ಅಲ್ಲಿಂದ ಪಾರಾಗುವಾಗ ಒಬ್ಬನ ತಲೆ ಒಡೆದಿತ್ತು, ಇನ್ನೊಬ್ಬ ಕುಂಟುತ್ತಿದ್ದ.

ಪೊಲೀಸರು ಬಂದು ಸಾಬವ್ವನನ್ನೇ ಹಿಡಿದೊಯ್ದರು. ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿದ್ದು ಎರಡು ದಿನ ಬಿಟ್ಟು. ಜಾಮೀನು ಕೊಟ್ಟವರು ವಿರುಪಾಕ್ಷಪ್ಪ. ಕೇಸು ಎರಡು ವರ್ಷ ಎಳೆದು, ಕಾಲು ಸುಟ್ಟುಕೊಂಡವನು ಸಾಕ್ಷಿ ಹೇಳಲು ಬಾರದೆ ಬಿದ್ದುಹೋಯಿತು. ಕಾರ್ಖಾನೆಯ ದೊಡ್ಡ ಪೆಟ್ಟಿಗೆ ಆ ದೀಪಾವಳಿಗೆ ಮಾರಾಟವಾಗಲಿಲ್ಲ. ಚಂದ್ರಬಾಯಿಗೆ ಪರಿಹಾರ ಸಿಗಲಿಲ್ಲ. ಪುಂಡರೀಕಾಕ್ಷ ಮೂಗಿಗೆ ಪಟ್ಟಿ ಕಟ್ಟಿಕೊಂಡು ಅದೇ ಕೆಲಸದಲ್ಲಿ ಮುಂದುವರಿದ.

ತಾಯಿ ಮಗಳು ಕೋಪರಿಗೆ ಬಂದು ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ನಿಂತರು. ವಿರುಪಾಕ್ಷಪ್ಪನವರು ಅವಳನ್ನು ಅಂಗಡಿಗೆ ಇಟ್ಟುಕೊಂಡರು. ಅಲ್ಲಿ ಆಟಿಕೆಯ ಕಪಾಟಿನ ಮುಂದೆ ನಿಂತು ಗಿರಾಕಿಗಳು ಕೇಳುತ್ತಿದ್ದರು, ದೊಡ್ಡದು ತೆಗೆದುಕೊಳ್ಳೋಣವೋ ಸಣ್ಣದೋ ಎಂದು. ಆಗ ಬೇರೆ ಕಂಪನಿಗಳ ದೊಡ್ಡ ಪೆಟ್ಟಿಗೆಗಳೂ ಬಂದಿದ್ದವು. ಸಾಬವ್ವ ಪೆಟ್ಟಿಗೆ ಅಲುಗಿಸಿ, ಕಿವಿಗೆ ಹಿಡಿದು, "ಇದರಾಗ ಗಾಳಿ ಜಾಸ್ತಿ ಅದ ಬಾಯಿ, ಸಣ್ಣುವು ಎರಡು ಒಯ್ಯಿ" ಎನ್ನುತ್ತಿದ್ದಳು.

ಒಂದು ದಿನ ವಿರುಪಾಕ್ಷಪ್ಪನವರಿಗೆ ತಡೆಯಲಾಗಲಿಲ್ಲ. "ನಾ ಅಂಗಡಿ ನಡಸಬೇಕೋ ಬ್ಯಾಡೋ? ಗಿರಾಕಿ ದೊಡ್ಡದು ಕೇಳಿದ್ರ ದೊಡ್ಡದು ಕೊಡು!"

"ಸುಳ್ಳ ಹೇಳಾಕ ನನ್ನ ಬಾಯಿ ಹೊರಳಾಂಗಿಲ್ರಿ ಅಪ್ಪಾ."

"ಹಂಗಾದ್ರ ಬ್ಯಾರೆ ದಾರಿ ನೋಡ್ಕೋ."

ಅವಳು ನೋಡಿಕೊಂಡಳು. ಕಾರ್ಖಾನೆಗಳು ಬಣ್ಣ ತಪ್ಪಿದ, ಅಂಚು ಸೊಟ್ಟಾದ ಇಟ್ಟಿಗೆಗಳನ್ನು ಮತ್ತೆ ಕರಗಿಸಲು ಗೋಣಿಯಲ್ಲಿ ಕಟ್ಟಿಡುತ್ತಿದ್ದವು. ಅವುಗಳನ್ನು ಕೊಂಡು, ಒಂದೊಂದನ್ನೂ ಒತ್ತಿ ನೋಡಿ, ಕೂಡುವಂಥವನ್ನು ಆರಿಸಿ ಠಾಣೆ ಸ್ಟೇಶನ್ನಿನ ಪೂರ್ವದ ಫುಟ್‌ಪಾತಿನಲ್ಲಿ ತಕ್ಕಡಿ ಹಿಡಿದು ಕೂತಳು. ಕಾಲು ಕಿಲೋಗೆ ಹತ್ತು ರೂಪಾಯಿ. ಎಡಗೈಯಲ್ಲಿ ಕೆಲಸ ಕಲಿತಿದ್ದ ಚಂದ್ರಬಾಯಿ ಪಕ್ಕದಲ್ಲಿ ಕೂತು ಬಣ್ಣ ಬೇರ್ಪಡಿಸುತ್ತಿದ್ದಳು. ಪೆಟ್ಟಿಗೆಯಿಲ್ಲ, ಚಿತ್ರವಿಲ್ಲ. ಮೊದಲ ತಿಂಗಳು ಫುಟ್‌ಪಾತಿನ ಹಫ್ತಾ ಕೇಳಲು ಬಂದ ಗೂಂಡಾ ತಕ್ಕಡಿ ಎತ್ತಿ ರಸ್ತೆಗೆ ಎಸೆದ. ಸಾಬವ್ವ ಒಂದು ಕಿಲೋದ ತೂಕದ ಬಟ್ಟು ಎಸೆದಳು. ಅದು ಅವನ ಮೊಣಕಾಲಿಗೆ ಬಿತ್ತು. ಆಮೇಲೆ ಅವನ ತಮ್ಮಂದಿರು ಬಂದು ಅವಳ ಹಲ್ಲು ಎರಡು ಉದುರಿಸಿದರು. ಮೂರನೆಯ ದಿನ ಬಾಯಿ ಊದಿಸಿಕೊಂಡೇ ಅವಳು ಅದೇ ಜಾಗದಲ್ಲಿ ಕೂತಿದ್ದಳು. ಅದರ ನಂತರ ಅವರು ಬರಲಿಲ್ಲ. ಯಾಕೆ ಬರಲಿಲ್ಲವೋ ಅವಳಿಗೂ ಗೊತ್ತಿಲ್ಲ.

ನಾನು ಕಣ್ಣಾರೆ ಕಂಡದ್ದು ಎಂಬತ್ತೇಳರ ಮೇ ತಿಂಗಳ ಒಂದು ರವಿವಾರ. ಡೊಂಬಿವಲಿಯಿಂದ ನಳಿನಾಕ್ಷಿ ಎಂಬ ಹೆಂಗಸು ಬಂದರು, ಜೊತೆಗೆ ಎಂಟು ವರ್ಷದ ಮಗಳು. ಗಂಡ ಮಸ್ಕತಿನಲ್ಲಿ ಕೆಲಸಕ್ಕಿದ್ದು, ಈ ಸಲ ರಜೆಗೆ ಬರುವಾಗ ಅಲ್ಲಿಂದ ಒಂದು ಭಾರಿ ಸೆಟ್ಟು ತಂದಿದ್ದರಂತೆ. ಅವರೇ ಕೂತು ಕಟ್ಟಿದ ಕೋಟೆ. ನಳಿನಾಕ್ಷಿ ಅದನ್ನು ತಟ್ಟೆಯ ಸಮೇತ ಬಟ್ಟೆ ಮುಚ್ಚಿ ರೈಲಿನಲ್ಲಿ ತಂದಿದ್ದರು. ಗೋಪುರದ ಎರಡು ಇಟ್ಟಿಗೆ ಕಳೆದಿತ್ತು, ಅದಕ್ಕೆ ಜೋಡಿ ಬೇಕಿತ್ತು.

"ನಮ್ಮವರು ಸಾವಿರದ ಮೇಲೆ ಕೊಟ್ಟದ್ದು," ಎಂದರು ನಳಿನಾಕ್ಷಿ. "ಅಷ್ಟಕ್ಕೆ ತಕ್ಕದ್ದು ಹೌದಾ ಅಂತ ನೀವೇ ಹೇಳ್ಬೇಕು. ಎಲ್ಲರೂ ನಿಮ್ಮನ್ನು ಕೇಳಿ ಅಂದ್ರು."

ಸಾಬವ್ವ ಬಟ್ಟೆ ಸರಿಸಿ ನೋಡಿದಳು. ಹುಡುಗಿಯ ಕಡೆ ತಿರುಗಿದಳು. "ನೀ ಕಟ್ಟಿದೇನ ಯವ್ವಾ?"

ಮುಟ್ಟಲೂ ಬಿಡುವುದಿಲ್ಲವೆಂದು ಹುಡುಗಿ ಹಿಂದಿಯಲ್ಲಿ ಹೇಳಿತು, "ಮುಝೆ ಛೂನೆ ನಹೀ ದೇತೆ."

"ಶೋಕೇಸಿನಲ್ಲಿ ಇಟ್ಟಿದ್ದೇವೆ," ಎಂದರು ತಾಯಿ. "ಇವಳು ಹಾಳು ಮಾಡ್ತಾಳೆ. ಒಮ್ಮೆ ಮುಟ್ಟಿದ್ದಕ್ಕೆ ಇವರಪ್ಪ ಬೆಲ್ಟಿನಲ್ಲಿ ಹೊಡೆದ್ರು."

ಹುಡುಗಿಯ ಮೊಣಕೈ ಹತ್ತಿರ ಕಂದಿದ ಬಾಸುಂಡೆ ನನಗೂ ಕಂಡಿತು. ಸಾಬವ್ವ ಎದ್ದು ನಿಂತಳು, ಕೋಟೆಯನ್ನು ತಲೆಯ ಮೇಲಕ್ಕೆ ಎತ್ತಿದಳು, ಫುಟ್‌ಪಾತಿನ ಕಲ್ಲಿಗೆ ಅಪ್ಪಳಿಸಿದಳು. ಗೋಪುರ, ಗೋಡೆ, ಬಾಗಿಲು ಎಲ್ಲ ಸಿಡಿದು ಜನರ ಕಾಲಡಿ ಹರಡಿದವು. ನಳಿನಾಕ್ಷಿ ಕಿರುಚಿದರು, ಮುಂದಕ್ಕೆ ನುಗ್ಗಿ ಸಾಬವ್ವನ ಮುಖಕ್ಕೆ ಹೊಡೆದರು. ಸಾಬವ್ವ ತಿರುಗಿ ಹೊಡೆಯಲಿಲ್ಲ. ಅವಳು ಹಾಗೆ ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಗ್ಗಿ ಒಂದು ಇಟ್ಟಿಗೆ ಎತ್ತಿಕೊಂಡಳು. ಹಿಮ್ಮಡಿಯಿಂದ ತುಳಿದಳು. ಮತ್ತೆ ಎತ್ತಿ ಇನ್ನೊಂದಕ್ಕೆ ಒತ್ತಿದಳು. ಟಕ್ಕೆಂದು ಕೂತಿತು.

"ನೋಡ್ರಿ ಬಾಯಿ. ಒಂದೂ ಒಡದಿಲ್ಲ. ನಿಮ್ಮ ಯಜಮಾನ್ರು ಕೊಟ್ಟ ರೊಕ್ಕ ಸುಳ್ಳಾಗಿಲ್ಲ, ನಾ ತುಂಬಿದ ಮಾಲು ಇದರ ಮುಂದ ಏನೂ ಅಲ್ಲ. ಆದ್ರ ಇದು ಕೆಡವಿ ಕಟ್ಟಾಕ ಮಾಡಿದ್ದದ. ಕಪಾಟಿನಾಗ ಇಡೂದಾದ್ರ ಹತ್ತು ರೂಪಾಯಿಗೂ ತುಟ್ಟಿ."

ನಳಿನಾಕ್ಷಿ ಅಲ್ಲೇ ಫುಟ್‌ಪಾತಿನಲ್ಲಿ ಕುಕ್ಕರಿಸಿ ಅಳತೊಡಗಿದರು. "ಇವರಿಗೆ ಎಂತ ಹೇಳುದು ನಾನು? ಇವಳನ್ನು ಬಿಡುದಿಲ್ಲ ಅವರು."

"ನಾ ಒಡದೆ ಅಂತ ಹೇಳ್ರಿ. ಠಾಣೆ ಸ್ಟೇಶನ್ನಿನ ಸಾಬವ್ವ ಅಂದ್ರ ಯಾರಾದ್ರೂ ತೋರಸ್ತಾರ. ಬೆಲ್ಟ್ ತಗೊಂಡು ಬರಲಿ."

ಹುಡುಗಿ ಆಗಲೇ ನೆಲದಲ್ಲಿ ಕೂತು ಇಟ್ಟಿಗೆ ಜೋಡಿಸುತ್ತಿತ್ತು. ಕೋಟೆಯಲ್ಲ, ಉದ್ದಕ್ಕೆ ಏನೋ ಒಂದು, ಬಹುಶಃ ರೈಲು. ಚಂದ್ರಬಾಯಿ ಉಳಿದ ಬೆರಳುಗಳಿಂದ ಚರಂಡಿಯ ಅಂಚಿನಲ್ಲಿದ್ದ ತುಂಡುಗಳನ್ನು ಆರಿಸಿ ಚೀಲಕ್ಕೆ ಹಾಕಿದಳು. ನಾನು ಮೂರು ಇಟ್ಟಿಗೆ ಬಸ್ಸಿನ ಗಾಲಿಯ ಬದಿಯಿಂದ ಎತ್ತಿ ಕೊಟ್ಟೆ.

ಆ ಗಂಡ ಬೆಲ್ಟ್ ಹಿಡಿದು ಬರಲಿಲ್ಲ. ರಜೆ ಮುಗಿಸಿ ಮಸ್ಕತಿಗೆ ಹೋದನಂತೆ. ನಳಿನಾಕ್ಷಿ ಮಳೆಗಾಲದ ನಂತರ ಒಮ್ಮೆ ಬಂದರು. ಮಗಳು ಬೆಳಿಗ್ಗೆಯಿಂದ ಕಟ್ಟುತ್ತಲೇ ಇರುತ್ತಾಳೆ, ಇಟ್ಟಿಗೆ ಸಾಲುತ್ತಿಲ್ಲ ಎಂದರು. ಸಾಬವ್ವ ಅರ್ಧ ಕಿಲೋ ತೂಗಿದಳು, ಮುಳ್ಳು ನೆಟ್ಟಗಾದ ಮೇಲೆ ಇನ್ನೊಂದು ಹಿಡಿ ಹಾಕಿದಳು, ಇಪ್ಪತ್ತು ರೂಪಾಯಿ ಇಸಿದುಕೊಂಡಳು.